ಗುದ್ದಲಿಯ ಕಾವು ಉದ್ದವಾಗಲಿ, ಚೀಲದ ತೂಕ ಇಳಿಯಲಿ

ಮಾನ್ಯ ಸಂಪಾದಕರೇ,

ನಾಟಿ, ಕಳೆ, ಮೇಲುಗೊಬ್ಬರ ಮೂರೂ ಒಟ್ಟೊಟ್ಟಿಗೆ ಬರುವ ಕಾಲ ಇದು. ಸೊಂಟ ಹಿಡಿದುಕೊಂಡಿದೆ ಎಂದು ಆಸ್ಪತ್ರೆಗೆ, ಔಷಧಿ ಅಂಗಡಿಗೆ, ಎಣ್ಣೆ ತಿಕ್ಕುವವರ ಮನೆಗೆ ಎಡತಾಕುವವರೂ ಈಗಲೇ ಹೆಚ್ಚು. ಅವರಿಗೆ ಸಿಗುವ ಬುದ್ಧಿಮಾತು ಒಂದೇ: ‘ಬಗ್ಗಬೇಡಿ, ಭಾರ ಎತ್ತಬೇಡಿ’. ಒಕ್ಕಲುತನ ಮಾಡುವವರಿಗೆ ಇದು ಉಣ್ಣಬೇಡಿ ಎಂದ ಹಾಗೆ. ಬಗ್ಗುವ ಕ್ರಮ ಕಲಿಸುವುದಕ್ಕೆ ಮೊದಲು ನಮ್ಮನ್ನು ಬಗ್ಗಿಸುತ್ತಿರುವ ಹತಾರವನ್ನು, ಬೆನ್ನ ಮೇಲೆ ಕೂರುವ ಚೀಲವನ್ನು ಸರಿಪಡಿಸಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಭಾರ ಎತ್ತುವ ಕ್ರಮವನ್ನು ಬರೀ ಪಾಠವಾಗಿ ಹೇಳಿಕೊಟ್ಟರೆ ಸೊಂಟ ನೋವು ತಗ್ಗುತ್ತದೆ ಎನ್ನುವುದಕ್ಕೆ ಈವರೆಗಿನ ಅಧ್ಯಯನಗಳಲ್ಲಿ ಗಟ್ಟಿ ಪುರಾವೆ ಇಲ್ಲ. ಕೆಲಸದ ರೀತಿ ಬದಲಾಗದೆ ಮೈ ಮಾತ್ರ ಬದಲಾಗು ಎಂದರೆ ಅದು ಕೇಳುವುದಿಲ್ಲ.

ಸೊಂಟದ ಮೇಲೆ ಬೀಳುವ ಭಾರದ ಲೆಕ್ಕ ಬಾವಿಯಿಂದ ನೀರೆತ್ತುವ ಏತ ಕಂಡವರಿಗೆ ಬೇಗ ಅರ್ಥವಾಗುತ್ತದೆ. ಏತದ ಗಿಡ್ಡ ತುದಿಯಲ್ಲಿ ನಿಂತು ಉದ್ದ ತುದಿಯ ಭಾರ ಎತ್ತಬೇಕಾದರೆ ಹಲವು ಪಟ್ಟು ಬಲ ಬೇಕು. ಬೆನ್ನನ್ನು ಹಿಂದಕ್ಕೆ ಎಳೆದು ಹಿಡಿಯುವ ಸ್ನಾಯುಗಳು ಬೆನ್ನೆಲುಬಿನಿಂದ ಬರೀ 5 ಸೆಂ.ಮೀ. ಹಿಂದಿವೆ. 20 ಕೆ.ಜಿ. ತೂಕವನ್ನು ಮೈಯಿಂದ 50 ಸೆಂ.ಮೀ. ಮುಂದೆ ಹಿಡಿದರೆ ಆ ಸ್ನಾಯುಗಳು ಹತ್ತು ಪಟ್ಟು, ಅಂದರೆ 200 ಕೆ.ಜಿ.ಯಷ್ಟು ಎಳೆಯಬೇಕು. ಅದೇ ತೂಕವನ್ನು 25 ಸೆಂ.ಮೀ.ಗೆ, ಹೊಟ್ಟೆಗೆ ತಾಗುವಷ್ಟು ಹತ್ತಿರ ತಂದುಕೊಂಡರೆ ಎಳೆತ ಅರ್ಧಕ್ಕೆ ಇಳಿಯುತ್ತದೆ. ಇಲ್ಲಿ ಮರೆತುಹೋಗುವ ಇನ್ನೊಂದು ತೂಕವಿದೆ. 60 ಕೆ.ಜಿ. ಮೈತೂಕದವರಲ್ಲಿ ಸೊಂಟದಿಂದ ಮೇಲಿನ ಭಾಗವೇ 30 ಕೆ.ಜಿ.ಗೂ ಹೆಚ್ಚು. ಕೈಯಲ್ಲಿ ಕುಡುಗೋಲು ಮಾತ್ರ ಇದ್ದರೂ ಬಗ್ಗಿ ನಿಂತಾಗ ಆ ಭಾರವನ್ನೆಲ್ಲ ಸೊಂಟವೇ ಹೊರುತ್ತದೆ. ಕಳೆ ಕೀಳುವುದು ಹಗುರ ಕೆಲಸ, ಹೆಂಗಸರ ಕೆಲಸ ಎಂಬ ಮಾತು ಎಷ್ಟು ತಪ್ಪೆಂದು ಇಷ್ಟರಿಂದಲೇ ಗೊತ್ತಾಗಬೇಕು.

ಮೊದಲು ಗುದ್ದಲಿಯ ವಿಷಯ. ನಮ್ಮಲ್ಲಿ ಗುದ್ದಲಿಯ ಕಾವು ಸಾಮಾನ್ಯವಾಗಿ ಎರಡು, ಎರಡೂವರೆ ಅಡಿ. ಅಷ್ಟು ಗಿಡ್ಡ ಕಾವು ಹಿಡಿದವರು ಬಗ್ಗದೆ ಇರಲು ಸಾಧ್ಯವೇ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ತರಕಾರಿ ಹೊಲಗಳ ಕೂಲಿಗಳಿಗೆ ಇನ್ನೂ ಗಿಡ್ಡ ಕಾವಿನ ಗುದ್ದಲಿ ಕೊಡುತ್ತಿದ್ದರು. ಕೂಲಿಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 1975ರಲ್ಲಿ ಅದನ್ನು ನಿಷೇಧಿಸಲಾಯಿತು. ಉದ್ದ ಕಾವಿನಲ್ಲಿ ಕೆಲಸ ನಾಜೂಕಾಗದು, ಬೆಳೆ ಕೆಡುತ್ತದೆ ಎಂದು ಜಮೀನಿನವರು ವಾದಿಸಿದ್ದರು. ನಿಷೇಧದ ನಂತರವೂ ಅಲ್ಲಿ ಅದೇ ತರಕಾರಿ ಬೆಳೆಯುತ್ತಲೇ ಇದೆ.

ನಮ್ಮಲ್ಲೂ ಉದ್ದ ಕಾವು ಹಾಕಿ ನೋಡಿ ‘ಕಚ್ಚುವುದೇ ಇಲ್ಲ’ ಎಂದು ಕೈಬಿಟ್ಟವರು ಬಹಳ. ತಪ್ಪು ಕಾವಿನದಲ್ಲ, ಅಲಗಿನ ಕೋನದ್ದು. ಬಗ್ಗಿ ಬಳಸುವ ಗುದ್ದಲಿಯಲ್ಲಿ ಅಲಗಿಗೂ ಕಾವಿಗೂ ನಡುವೆ 60ರಿಂದ 70 ಡಿಗ್ರಿ ಇರುತ್ತದೆ. ಅದಕ್ಕೇ ನಾಲ್ಕಡಿ ಕಾವು ತುರುಕಿ ನೆಟ್ಟಗೆ ನಿಂತು ಎಳೆದರೆ ಅಲಗು ನೆಲಕ್ಕೆ ಹೆಚ್ಚುಕಡಿಮೆ ಮಟ್ಟಸವಾಗಿ ಮಲಗಿ ಮಣ್ಣಿನ ಮೇಲೆ ಜಾರುತ್ತದೆ. ಕುಲುಮೆಗೆ ಒಯ್ದು, ಕಾವು ಕೂರುವ ತೂತಿನ ಕತ್ತನ್ನು ಕಾಯಿಸಿ, ಕೋನವನ್ನು 80–85 ಡಿಗ್ರಿಗೆ ತೆರೆಸಬೇಕು. ಆಗ ನಿಂತು ಎಳೆದರೂ ಅಲಗಿನ ಬಾಯಿ ನೆಲಕ್ಕೆ ಓರೆಯಾಗಿ ಇಳಿಯುತ್ತದೆ. ಅಗೆಯುವ ಭಾರದ ಗುದ್ದಲಿಗೆ ಈ ಕೆಲಸ ಮಾಡಿಸಬಾರದು. ಉದ್ದ ಕಾವಿನ ತುದಿಯಲ್ಲಿ ಒಂದೂವರೆ ಕೆ.ಜಿ. ತೂಗಿದರೆ ಸೊಂಟ ಉಳಿದರೂ ಭುಜ ಹೋಗುತ್ತದೆ. ಕಳೆಗೆ ಮುಕ್ಕಾಲು ಕೆ.ಜಿ. ಮೀರದ, 15 ಸೆಂ.ಮೀ. ಅಗಲದ ಚಿಕ್ಕ ಅಲಗು ಸಾಕು.

ಕಾವಿನ ಉದ್ದ ಅಳೆಯಲು ಟೇಪು ಬೇಡ. ನೆಟ್ಟಗೆ ನಿಂತು ಕಾವನ್ನು ಪಕ್ಕದಲ್ಲಿ ನೆಲಕ್ಕೂರಿದರೆ ತುದಿ ಭುಜಕ್ಕೂ ಗಲ್ಲಕ್ಕೂ ನಡುವೆ ಬರಬೇಕು. ಐದಡಿ ಎತ್ತರದ ಹೆಣ್ಣುಮಗಳಿಗೆ ಅದು ಸುಮಾರು 4 ಅಡಿ 2 ಇಂಚು, ಐದೂವರೆ ಅಡಿಯ ಗಂಡಸಿಗೆ ನಾಲ್ಕೂವರೆ ಅಡಿಗಿಂತ ತುಸು ಮೇಲೆ. ಒಂದೇ ಅಳತೆಯ ಹತ್ತು ಗುದ್ದಲಿ ತಂದು ಎಲ್ಲರ ಕೈಗೂ ಕೊಟ್ಟರೆ ಅರ್ಧ ಜನ ಮತ್ತೆ ಬಗ್ಗುತ್ತಾರೆ. ಕಾವಿನ ದಪ್ಪ 3ರಿಂದ 3.5 ಸೆಂ.ಮೀ.; ಹಿಡಿದಾಗ ಹೆಬ್ಬೆರಳು ತೋರುಬೆರಳಿಗೆ ಮುಟ್ಟಬೇಕು. ಗಂಟು ಸವರಿ ನುಣುಪು ಮಾಡಿದ ಬಿದಿರಾಗಲಿ ಸರ್ವೆ ಮರವಾಗಲಿ ಆದೀತು, ಆದರೆ ಹಸಿಯದ್ದು ಬೇಡ. ಒಣಗಿದಾಗ ಕುಗ್ಗಿ ಅಲಗು ಸಡಿಲಾಗುತ್ತದೆ, ಆಮೇಲೆ ಪ್ರತಿ ಏಟಿಗೂ ಮಣಿಕಟ್ಟು ತಿರುಚುತ್ತದೆ. ಜೇಬಿನಲ್ಲಿ ಒಂದು ಅರ ಇಟ್ಟುಕೊಂಡು ಅರ್ಧ, ಮುಕ್ಕಾಲು ಗಂಟೆಗೊಮ್ಮೆ ಅಲಗು ಹದ ಮಾಡಿಕೊಳ್ಳಿ. ಮೊಂಡು ಅಲಗಿಗೆ ಬೇಕಾದ ಹೆಚ್ಚಿನ ಬಲವೆಲ್ಲ ಸೊಂಟದಿಂದಲೇ ಬರಬೇಕು.

ಉದ್ದ ಕಾವಾಗಲಿ, ನಿಂತು ತಳ್ಳುತ್ತ ಕಳೆ ತೆಗೆಯುವ ಚಕ್ರದ ಸೈಕಲ್ ಎಡೆಕುಂಟೆಯಾಗಲಿ ಕೆಲಸಕ್ಕೆ ಬರಬೇಕಾದರೆ ಬೆಳೆ ಸಾಲಿನಲ್ಲಿರಬೇಕು. ಚೆಲ್ಲಿ ಬಿತ್ತಿದ ಹೊಲದಲ್ಲಿ ಕೈಯಲ್ಲೇ ಕೀಳಬೇಕು, ಬಗ್ಗಲೇಬೇಕು. ರಾಗಿಯನ್ನು ಕೂರಿಗೆಯಲ್ಲಿ 30 ಸೆಂ.ಮೀ. ಸಾಲಿಗೆ ಬಿತ್ತಿದರೆ ಅಥವಾ ಹಾವೇರಿ ಕಡೆಯ ಗುಳಿ ರಾಗಿಯಂತೆ ಇನ್ನೂ ಅಗಲ ಬಿಟ್ಟರೆ ಕಳೆಯ ಹೆಚ್ಚು ಭಾಗ ನಿಂತೇ ಮುಗಿಯುತ್ತದೆ. ಸೊಂಟದ ಆರೈಕೆ ಬಿತ್ತನೆಯ ದಿನವೇ ಶುರುವಾಗುವುದು ಹೀಗೆ. ಎಡೆಕುಂಟೆಯ ಹಿಡಿ ಸೊಂಟಕ್ಕೂ ಮೊಣಕೈಗೂ ನಡುವೆ ಬರುವಂತೆ ಬೋಲ್ಟು ಬದಲಿಸಿಕೊಳ್ಳಿ. ಅಲಗು 3–4 ಸೆಂ.ಮೀ.ಗಿಂತ ಆಳಕ್ಕೆ ಇಳಿಯಬಾರದು. ಕಳೆ ಎರಡು ಮೂರು ಎಲೆ ಬಿಟ್ಟಾಗ, ಬಿತ್ತಿದ 15ರಿಂದ 20 ದಿನಕ್ಕೆ ಮೊದಲ ಸಲ ಹೊಡೆಯಬೇಕು. ಕಳೆ ಗೇಣುದ್ದ ಬೆಳೆದ ಮೇಲೆ ಕುಂಟೆ ಸಿಕ್ಕಿಕೊಳ್ಳುತ್ತದೆ, ತಳ್ಳುವವರು ಮೈಯೆಲ್ಲ ಹೇರಿ ನೂಕುತ್ತಾರೆ, ಸಂಜೆಗೆ ಸೊಂಟ ಹಿಡಿಯುತ್ತದೆ. ಗದ್ದೆಯಲ್ಲಿ ಕೋನೋವೀಡರ್ (ಭತ್ತದ ಸಾಲಿನ ನಡುವೆ ಕಳೆ ತೆಗೆಯುವ ಕೈಹತಾರ) ಬಳಸುವವರು ಎರಡು ಮೂರು ಸೆಂ.ಮೀ. ನೀರು ನಿಲ್ಲಿಸಿಕೊಳ್ಳಬೇಕು; ನೀರಿಲ್ಲದ ಎರೆಮಣ್ಣಿನಲ್ಲಿ ಅದನ್ನು ಎಳೆಯುವುದೇ ಶಿಕ್ಷೆ. ಬುಡದ ಕಳೆಯನ್ನು ಮಾತ್ರ ಕೈಯಿಂದಲೇ ಕೀಳಬೇಕು. ಅದಕ್ಕೆ ಕಾಲು ನೆಟ್ಟಗೆ ಇಟ್ಟು ಬೆನ್ನು ಬಗ್ಗಿಸುವ ಬದಲು ಕುಕ್ಕರಗಾಲಿನಲ್ಲಿ ಕೂರುವುದೋ, ಒಂದು ಮಂಡಿ ಊರುವುದೋ ವಾಸಿ. ಗೋಣಿ ಚೂರನ್ನು ನಾಲ್ಕು ಮಡಿಕೆ ಮಡಚಿ ಮಂಡಿಗೆ ಕಟ್ಟಿಕೊಂಡರೆ ಚುಚ್ಚುವುದಿಲ್ಲ. ಮಂಡಿ ಸವೆದವರಿಗೆ ಎರಡೂ ಒಗ್ಗುವುದಿಲ್ಲ, ಅಂಥವರನ್ನು ಎಡೆಕುಂಟೆಗೆ ಹಚ್ಚುವುದೇ ಸರಿ.

ನಾಟಿಯಲ್ಲಿ ನಿಂತು ಮಾಡುವ ಅನುಕೂಲ ಇಲ್ಲ. ಡ್ರಮ್ ಸೀಡರಿನಲ್ಲಿ ಮೊಳಕೆ ಭತ್ತ ಬಿತ್ತುವುದು, ಕೂರಿಗೆ ಭತ್ತ, ಯಂತ್ರದ ನಾಟಿ ಇವೆಲ್ಲ ದಾರಿಗಳೇ. ಆದರೆ ಕೈನಾಟಿ ಇನ್ನೂ ಬಹಳ ಕಾಲ ಇರುತ್ತದೆ. ಪೈರು ಹಿಡಿದ ಕೈಯ ಮುಂಗೈಯನ್ನು ಅದೇ ಕಡೆಯ ತೊಡೆಯ ಮೇಲೆ, ಮಂಡಿಗೆ ತುಸು ಮೇಲಕ್ಕೆ ಊರಿಕೊಂಡರೆ ಸೊಂಟದಿಂದ ಮೇಲಿನ ಮೈಯ ಭಾರದ ಒಂದಷ್ಟು ಪಾಲು ಕಾಲಿಗೆ ಇಳಿಯುತ್ತದೆ. ಎರಡೂ ಪಾದ ಸಮನಾಗಿ ಇಡದೆ ಒಂದನ್ನು ಮುಂದಿಟ್ಟು ಮಂಡಿ ಸಡಿಲ ಬಿಡಬೇಕು. ಪೈರಿನ ಕಟ್ಟುಗಳನ್ನು ನಾಟಿ ಸಾಲಿನ ಹಿಂದೆ ದೂರ ಎಸೆದರೆ ಪ್ರತಿ ಸಲ ಬಗ್ಗಿದಲ್ಲೇ ಹಿಂದಕ್ಕೆ ತಿರುಗಿ ಎಳೆದುಕೊಳ್ಳಬೇಕಾಗುತ್ತದೆ. ಬಗ್ಗುವುದು, ತಿರುಗುವುದು ಎರಡೂ ಒಟ್ಟಿಗೆ ಆದಾಗಲೇ ಬೆನ್ನೆಲುಬಿನ ಮೂಳೆಗಳ ನಡುವಿನ ಮೆತ್ತೆಯ, ಅಂದರೆ ಡಿಸ್ಕಿನ ಹೊರಪದರ ಹರಿಯುವ ಸಂಭವ ಹೆಚ್ಚು. ಕಟ್ಟು ಕೈಗೆಟಕುವ ಹಾಗೆ, ಎರಡು ಹೆಜ್ಜೆಗೊಂದರಂತೆ ಇಟ್ಟುಕೊಡಲು ಒಬ್ಬರು ಇರಲಿ, ಅರ್ಧ ಗಂಟೆಗೊಮ್ಮೆ ಆ ಒಬ್ಬರು ಬದಲಾಗಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ಎಲ್ಲರೂ ನೆಟ್ಟಗೆ ನಿಂತು, ಸೊಂಟಕ್ಕೆ ಎರಡೂ ಅಂಗೈ ಕೊಟ್ಟು ನಿಧಾನವಾಗಿ ಐದು ಸಲ ಹಿಂದಕ್ಕೆ ಬಾಗಿದರೆ ಅರ್ಧ ನಿಮಿಷ ಹೋಗುತ್ತದೆ ಅಷ್ಟೆ. ಎಕರೆಗೆ ಇಷ್ಟು ಎಂದು ಗುತ್ತಿಗೆ ಹಿಡಿದ ಗುಂಪಿನಲ್ಲಿ ಒಬ್ಬರೇ ನಿಂತರೆ ಮಿಕ್ಕವರು ಗೊಣಗುತ್ತಾರೆ. ಅದಕ್ಕೇ ಈ ಬಿಡುವು ಗುಂಪಿನ ಪದ್ಧತಿಯಾಗಬೇಕು, ಹೊಲದವರೇ ಮುಂದಾಗಿ ಹೇಳಬೇಕು.

ಕೆಲಸದ ಸರದಿಯೂ ಮುಖ್ಯ. ಗಂಟೆಗಟ್ಟಲೆ ಬಗ್ಗಿದ ಮೇಲೆ ಬೆನ್ನೆಲುಬಿನ ಮೂಳೆಗಳನ್ನು ಬಿಗಿದಿಡುವ ನಾರಿನ ಕಟ್ಟುಗಳು ಹಿಗ್ಗಿ ಸಡಿಲಾಗಿರುತ್ತವೆ. ಆ ಗಳಿಗೆಯಲ್ಲೇ ಎದ್ದು ಮೂಟೆ ಎತ್ತಿದರೆ ಸ್ನಾಯುಗಳು ಸಮಯಕ್ಕೆ ಬಿಗಿಯುವುದಿಲ್ಲ. ಟೊಮೆಟೊ, ಮೆಣಸಿನಕಾಯಿ ಬಿಡಿಸಿ ಮುಗಿಸಿದವರೇ ತಕ್ಷಣ ಕ್ರೇಟು ಹೊರುವಾಗ ಸೊಂಟ ಹಿಡಿಯಲು ಇದೊಂದು ಕಾರಣ. ನಡುವೆ ಎರಡು ಮೂರು ನಿಮಿಷ ಅಡ್ಡಾಡಿ, ನೀರು ಕುಡಿದು ಆಮೇಲೆ ಹೊರಬೇಕು. ಬೆಳಗಿನ ಜಾವವೂ ಹೀಗೆಯೇ. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆ, ಎದ್ದ ಮೊದಲ ಒಂದು ಗಂಟೆ ಬಗ್ಗಿದರೆ ಅವುಗಳ ಮೇಲೆ ಒತ್ತಡ ಹೆಚ್ಚು. ಹಸು ಸಾಕಿದವರಿಗೆ ಸಗಣಿ ಬಾಚುವುದು, ಹಾಲು ಕರೆಯುವುದು, ಕ್ಯಾನು ಎತ್ತುವುದು ಎಲ್ಲವೂ ಸರಿಯಾಗಿ ಆ ಒಂದು ಗಂಟೆಯಲ್ಲೇ. ಹಾಸಿಗೆಯಿಂದ ಎದ್ದವರು ಮೊದಲು ಮೇವು ಹಾಕುವುದು, ನೀರು ಬಿಡುವುದು, ಡೇರಿಗೆ ಪಾತ್ರೆ ಜೋಡಿಸುವುದು ಇಂಥ ನಿಂತು ಮಾಡುವ ಕೆಲಸಗಳನ್ನು 15–20 ನಿಮಿಷ ಮಾಡಿಕೊಂಡು ಆಮೇಲೆ ಸಗಣಿಗೆ ಕೈ ಹಾಕಲಿ. ಸಗಣಿಯನ್ನು ಬರಿಗೈಯಲ್ಲಿ ಬಾಚುವ ಬದಲು ಎದೆಯೆತ್ತರದ ಕೋಲಿಗೆ ರಬ್ಬರು ಪಟ್ಟಿ ಹಾಕಿದ ಬಾಚಣಿಗೆ ಸಾಕು. ಕರೆಯಲು ಗೇಣಿಗಿಂತ ತುಸು ಎತ್ತರದ ಮಣೆ ಇರಲಿ, ಹಸುವಿನ ಪಕ್ಕೆಗೆ ಆದಷ್ಟು ಹತ್ತಿರ ಕೂರಿ. 40 ಲೀಟರಿನ ಕ್ಯಾನು ತುಂಬಿದರೆ 50 ಕೆ.ಜಿ. ಆಸುಪಾಸು ಇರುತ್ತದೆ. ಅದನ್ನು ಒಬ್ಬರೇ ಎತ್ತುವುದನ್ನು ಶೂರತನ ಎಂದುಕೊಳ್ಳುವುದು ನಿಲ್ಲಬೇಕು.

ಇನ್ನು ಚೀಲ. ಗಂಗಾವತಿ, ಸಿಂಧನೂರು ಕಡೆ ಭತ್ತದ ಬೆಲೆ ಹೇಳುವುದೇ 75 ಕೆ.ಜಿ. ಚೀಲದ ಲೆಕ್ಕದಲ್ಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ವಯಸ್ಕ ಗಂಡಸು ಹೊರುವ ಭಾರ 55 ಕೆ.ಜಿ. ಮೀರಬಾರದು, ಹೆಂಗಸರಿಗೆ ಅದಕ್ಕಿಂತ ಬಹಳ ಕಡಿಮೆ ಇರಬೇಕು ಎಂದು ಶಿಫಾರಸು ಮಾಡಿತ್ತು. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯ 1991ರ ಲೆಕ್ಕಾಚಾರದಲ್ಲಿ ಎಲ್ಲವೂ ಅನುಕೂಲವಾಗಿದ್ದಾಗ, ಅಂದರೆ ಭಾರ ಮೈಗೆ ಹತ್ತಿರ, ಸೊಂಟದ ಮಟ್ಟಕ್ಕೆ, ತಿರುಗುವ ಅಗತ್ಯವಿಲ್ಲದೆ ಇದ್ದಾಗ, ಎತ್ತಬಹುದಾದದ್ದು 23 ಕೆ.ಜಿ. ಮಾತ್ರ. ನೆಲದಿಂದ ಎತ್ತಬೇಕೆಂದರೆ ಅದೂ ಇಳಿಯುತ್ತದೆ. ಚೀಲದ ತೂಕ ಶಿಲಾಶಾಸನವಲ್ಲ. 2018ರಲ್ಲಿ ಯೂರಿಯಾ ಚೀಲವನ್ನು 50ರಿಂದ 45 ಕೆ.ಜಿ.ಗೆ ಇಳಿಸಲಾಯಿತು. ಉದ್ದೇಶ ಯೂರಿಯಾ ಬಳಕೆ ತಗ್ಗಿಸುವುದಾಗಿತ್ತೇ ಹೊರತು ಯಾರ ಬೆನ್ನೂ ಅಲ್ಲ. ಆದರೂ ಇಳಿಸಬಹುದು ಎಂಬುದಂತೂ ಸಾಬೀತಾಯಿತು. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ 15 ಕೆ.ಜಿ. ಕ್ರೇಟಿನ ಲೆಕ್ಕದಲ್ಲೇ ಲಕ್ಷಗಟ್ಟಲೆ ವ್ಯಾಪಾರವಾಗುತ್ತದೆ. ಭತ್ತ, ಮೆಕ್ಕೆಜೋಳ, ಈರುಳ್ಳಿ, ಪಶು ಆಹಾರಕ್ಕೆ 25ರಿಂದ 30 ಕೆ.ಜಿ. ಚೀಲ ಮಾಡಿದರೆ ಗೋಣಿಯ ಖರ್ಚು ಸ್ವಲ್ಪ ಏರುತ್ತದೆ, ಹೊಲಿಗೆ ಹೆಚ್ಚಾಗುತ್ತದೆ, ಹಮಾಲಿಯ ದರವನ್ನು ಚೀಲದ ಬದಲು ತೂಕಕ್ಕೆ ಕಟ್ಟಬೇಕಾಗುತ್ತದೆ. ಇವು ನಿಜವಾದ ತೊಡಕುಗಳೇ. ಕೂತು ಮಾತಾಡಿದರೆ ಬಗೆಹರಿಯುವಂಥವು.

ಅಲ್ಲಿಯವರೆಗೆ ಮನೆಯಲ್ಲೇ ಮಾಡಬಹುದಾದದ್ದು ಬಹಳ ಇದೆ. ಚೀಲವನ್ನು ನೆಲದ ಮೇಲೆ ಒಟ್ಟಬೇಡಿ. ಎರಡೂವರೆ ಅಡಿ ಎತ್ತರದ ಹಲಗೆ ಅಟ್ಟಣೆ, ಕಲ್ಲು ಚಪ್ಪಡಿಯ ಕಟ್ಟೆ ಯಾವುದಾದರೂ ಸರಿ. ಅಲ್ಲಿಂದ ಬೆನ್ನಿಗೆ ತೆಗೆದುಕೊಂಡರೆ ಬಗ್ಗುವುದೇ ಇರುವುದಿಲ್ಲ. ಇಬ್ಬರು ಎತ್ತಿಕೊಟ್ಟು ಒಬ್ಬರು ಹೊರುವಾಗ ‘ಹೂಂ’ ಎಂದು ಒಟ್ಟಿಗೆ ಎತ್ತಬೇಕು. ಒಬ್ಬರು ಮೊದಲೆತ್ತಿದರೆ ಅರೆಕ್ಷಣ ಪೂರ್ತಿ ಭಾರ ಅವರದ್ದೇ. ಚೀಲ ಹೊತ್ತು ತಿರುಗುವಾಗ ಪಾದವೂ ತಿರುಗಲಿ, ಸೊಂಟ ಮಾತ್ರ ತಿರುಚುವುದು ಬೇಡ. ಗೊಬ್ಬರವನ್ನು ಹೊಲದೊಳಕ್ಕೆ ಒಯ್ಯುವಾಗ ಒಂದೇ ಬುಟ್ಟಿಯಲ್ಲಿ 25 ಕೆ.ಜಿ. ಒಂದು ಪಕ್ಕೆಗೆ ಹೊರುವುದಕ್ಕಿಂತ ಎರಡು ಬಕೆಟ್ಟಿನಲ್ಲಿ ಹನ್ನೆರಡು ಹನ್ನೆರಡು ಮಾಡಿದರೆ ಬೆನ್ನೆಲುಬು ವಾಲುವುದಿಲ್ಲ. ಹುಲ್ಲಿನ ಹೊರೆ ಹೊರುವ ಹೆಣ್ಣುಮಕ್ಕಳಿಗೆ ನಡೆಯುವಾಗಿನ ಅಪಾಯಕ್ಕಿಂತ ಎತ್ತುವಾಗ, ಇಳಿಸುವಾಗಿನ ಅಪಾಯ ದೊಡ್ಡದು. ಹಿಂದಿನವರು ದಾರಿ ಬದಿಯಲ್ಲಿ ಹೊರೆ ಇಳಿಸಲೆಂದೇ ಎದೆಯೆತ್ತರಕ್ಕೆ ಕಲ್ಲು ನಿಲ್ಲಿಸುತ್ತಿದ್ದರು, ಒಬ್ಬರೇ ಇದ್ದರೂ ಇಳಿಸಿ ಮತ್ತೆ ತಲೆಗೇರಿಸಿಕೊಳ್ಳಬಹುದಿತ್ತು. ಬದುವಿನ ಮೇಲೆ ಅಂಥದ್ದೊಂದು ಕಟ್ಟೆ ಕಟ್ಟಲು ಹತ್ತು ಸೈಜುಗಲ್ಲು ಸಾಕು. ಹೆರಿಗೆಯಾಗಿ ಮೂರು ತಿಂಗಳೊಳಗಿನವರು, ಗರ್ಭಕೋಶ ಜಾರಿದವರು ಹೊರೆ ಹೊರಲೇಬಾರದು.

ಬೆನ್ನಿಗೇರಿಸುವ 16 ಲೀಟರ್ ಸ್ಪ್ರೇಯರ್ ತುಂಬಿದರೆ ಯಂತ್ರದ ತೂಕ ಸೇರಿ 20 ಕೆ.ಜಿ. ದಾಟುತ್ತದೆ. ಎಕರೆಗೆ ಹತ್ತು ಹನ್ನೆರಡು ಟ್ಯಾಂಕು. ಪ್ರತಿ ಸಲ ನೆಲದಿಂದ ಒಂದು ಪಟ್ಟಿ ಹಿಡಿದು ಬೀಸಿ ಬೆನ್ನಿಗೆ ಹಾಕಿಕೊಳ್ಳುವುದೇ ಕೆಟ್ಟ ಅಭ್ಯಾಸ. ಡ್ರಮ್ಮಿನ ಮೇಲೋ ಬದುವಿನ ಮೇಲೋ ಸೊಂಟದ ಎತ್ತರಕ್ಕಿಟ್ಟು ತುಂಬಿ, ಬೆನ್ನು ಕೊಟ್ಟು ಎರಡೂ ಪಟ್ಟಿ ಹಾಕಿಕೊಂಡು ಎದ್ದೇಳಿ. ಸೊಂಟದ ಬೆಲ್ಟು ಕಟ್ಟಿದರೆ ಭಾರ ಭುಜದಿಂದ ಸೊಂಟದ ಎಲುಬಿಗೆ ಇಳಿಯುತ್ತದೆ. ನೋವಿದ್ದವರು 10 ಲೀಟರ್ ಮಾತ್ರ ತುಂಬಲಿ. ಆದರೆ ಔಷಧದ ಅಳತೆ ಬದಲಿಸಲು ಮರೆಯಬಾರದು: ಲೀಟರಿಗೆ 2 ಮಿ.ಲೀ. ಎಂದಿದ್ದರೆ 16 ಲೀಟರಿಗೆ 32, 10 ಲೀಟರಿಗೆ 20. ಕೈಪಂಪಿನ ಸ್ಪ್ರೇಯರ್ ಆದರೆ ಟ್ಯಾಂಕಿಗೊಮ್ಮೆ ಕೈ ಬದಲಿಸಿ.

ಟ್ರ್ಯಾಕ್ಟರಿನವರಿಗೆ ನಾಲ್ಕೇ ಮಾತು. ಸೀಟಿನ ಸ್ಪ್ರಿಂಗಿಗೆ ತೂಕ ಹೊಂದಿಸುವ ತಿರುಪು ಇದ್ದರೆ ನಿಮ್ಮ ತೂಕಕ್ಕೆ ತಿರುಗಿಸಿಕೊಳ್ಳಿ, ಕೂತುಹೋದ ಸ್ಪಂಜು ಬದಲಿಸಿ. ಸೆಕೆಂಡಿಗೆ ನಾಲ್ಕರಿಂದ ಆರು ಸಲ ಬರುವ ಕುಲುಕಾಟಕ್ಕೆ ಬೆನ್ನೆಲುಬು ಅತಿ ಹೆಚ್ಚು ಅದುರುತ್ತದೆ, ಹೊಲದಲ್ಲಿ ಟ್ರ್ಯಾಕ್ಟರ್ ಕುಲುಕುವುದೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ. ಎರಡು ಗಂಟೆಗೊಮ್ಮೆ ಇಳಿಯಿರಿ. ಜಿಗಿಯಬೇಡಿ, ಗಾಡಿಗೆ ಮುಖ ಮಾಡಿ ಮೆಟ್ಟಿಲ ಮೇಲೆ ಕಾಲಿಟ್ಟು ಇಳಿದು, ಐದು ನಿಮಿಷ ನಡೆಯದೆ ಮೂಟೆಗೆ ಕೈ ಹಾಕಬೇಡಿ.

ಇಷ್ಟೆಲ್ಲ ಮಾಡಿಯೂ ಸೊಂಟ ಹಿಡಿದರೆ ಏನು ಮಾಡಬೇಕು? ಮೊದಲು ಹೆದರಿಕೆ ಬಿಡಬೇಕು. ಹಠಾತ್ತನೆ ಬಂದ ಸೊಂಟ ನೋವು ಬಹುಪಾಲು ಜನರಲ್ಲಿ ನಾಲ್ಕರಿಂದ ಆರು ವಾರದಲ್ಲಿ ಬಹಳಷ್ಟು ಇಳಿಯುತ್ತದೆ. ಎರಡು ದಿನಕ್ಕಿಂತ ಹೆಚ್ಚು ಮಲಗಿಯೇ ಇದ್ದರೆ ಇಳಿಯುವುದು ತಡವಾಗುತ್ತದೆ. ಮೊದಲ ದಿನ ಚಾಪೆಯ ಮೇಲೆ ಅಂಗಾತ ಮಲಗಿ ಮೀನಖಂಡಗಳನ್ನು ಕುರ್ಚಿ ಅಥವಾ ಮಂಚದ ಮೇಲಿಟ್ಟುಕೊಂಡರೆ, ಇಲ್ಲವೇ ಮಗ್ಗುಲಾಗಿ ಮಲಗಿ ಮಂಡಿಗಳ ನಡುವೆ ದಿಂಬಿಟ್ಟುಕೊಂಡರೆ ಹಾಯೆನಿಸುತ್ತದೆ. ಬಿಸಿನೀರಿನ ಚೀಲವನ್ನು ಬಟ್ಟೆ ಸುತ್ತಿ 15–20 ನಿಮಿಷ ಕೊಡಿ. ಗಂಟೆಗೊಮ್ಮೆ ಎದ್ದು ಐದು ನಿಮಿಷ ಅಂಗಳದಲ್ಲಿ ನಡೆಯಿರಿ. ಕಾಲಿಗೆ ಇಳಿದಿದ್ದ ನೋವು ಮೇಲಕ್ಕೆ, ಸೊಂಟದ ಕಡೆಗೆ ಸರಿಯುತ್ತಿದ್ದರೆ ಒಳ್ಳೆಯ ಲಕ್ಷಣ, ಸೊಂಟದಲ್ಲಿ ನೋವು ತುಸು ಹೆಚ್ಚೆನಿಸಿದರೂ ಕೂಡ. ಯಾವ ಚಲನೆಯಿಂದ ನೋವು ಪಾದದ ಕಡೆಗೆ ಇಳಿಯುತ್ತದೋ ಅದನ್ನು ನಿಲ್ಲಿಸಿ.

ಹೊಲಕ್ಕೆ ಮರಳುವುದನ್ನು ಹಂತ ಹಂತವಾಗಿ ಮಾಡಬೇಕು. ಮೊದಲ ವಾರ ಅರ್ಧ ದಿನ, ನಿಂತು ಮಾಡುವ ಕೆಲಸ, 5 ಕೆ.ಜಿ.ಗಿಂತ ಹೆಚ್ಚಿಲ್ಲ. ಎರಡನೆಯ ವಾರ ಹತ್ತು ನಿಮಿಷ ಬಗ್ಗುವ ಕೆಲಸ, ಹತ್ತು ನಿಮಿಷ ಬೇರೆ ಕೆಲಸ. ಮೂರನೆಯ ವಾರದಿಂದ 10 ಕೆ.ಜಿ., ಆಮೇಲೆ ನೋವು ನೋಡಿಕೊಂಡು ಮೇಲಕ್ಕೆ. ಕೆಲಸ ಮುಗಿಸಿದ ರಾತ್ರಿ ನೋವು ತುಸು ಏರಿ ಬೆಳಿಗ್ಗೆಗೆ ಇಳಿದರೆ ಅಡ್ಡಿಯಿಲ್ಲ. ಬೆಳಿಗ್ಗೆಯೂ ಏರಿಯೇ ಇದ್ದರೆ ಹಿಂದಿನ ದಿನದ ಕೆಲಸ ಹೆಚ್ಚಾಯಿತು ಎಂದು ತಿಳಿಯಬೇಕು.

ಜೊತೆಗೆ ದಿನಕ್ಕೆ ಹತ್ತು ನಿಮಿಷದ ಮೂರು ವ್ಯಾಯಾಮ. ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತಿ ಐದು ಎಣಿಸುವವರೆಗೆ ಹಿಡಿಯುವುದು, ಹತ್ತು ಸಲ. ಕೈ ಮಂಡಿ ಊರಿ ನಿಂತು ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ ಎಂಟು ಎಣಿಸುವುದು, ಆಮೇಲೆ ಎಡಗೈ ಬಲಗಾಲು, ಒಂದೊಂದು ಕಡೆಗೆ ಆರು ಸಲ. ಮಂಚದ ಅಂಚಿನಲ್ಲಿ ಕೂತು ಕೈಯೂರದೆ ಎದ್ದು ಕೂರುವುದು, ಹದಿನೈದು ಸಲ. ಆಸ್ಟ್ರೇಲಿಯಾದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೊಂಟ ನೋವು ವಾಸಿಯಾದವರಿಗೆ ಕ್ರಮೇಣ ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆಯುವ ಗುರಿ ಕೊಟ್ಟು ಮಾರ್ಗದರ್ಶನ ಮಾಡಿದರು. ನೋವು ಮರುಕಳಿಸಲು ಅವರಿಗೆ ಹಿಡಿದ ಅವಧಿಯ ನಡುಮಟ್ಟ (ಮೀಡಿಯನ್) 208 ದಿನ, ಮಾರ್ಗದರ್ಶನ ಸಿಗದವರಿಗೆ 112. ‘ದಿನವಿಡೀ ಹೊಲದಲ್ಲೇ ಓಡಾಡುತ್ತೇವಲ್ಲ’ ಎಂದು ಕೇಳುವುದು ಸಹಜ. ಬಗ್ಗಿಕೊಂಡು ಸಾಲು ಸಾಲು ಸರಿಯುವುದು ಆ ನಡಿಗೆಯಲ್ಲ. ಕೈ ಬೀಸಿಕೊಂಡು, ತಲೆಯೆತ್ತಿ, ಒಂದೇ ಸಮನೆ ನಡೆಯುವುದು ಬೇರೆ.

ಮಾತ್ರೆಗಳ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ಥರದ ನೋವಿನ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ದಿನ, ಊಟದ ನಂತರ ಮಾತ್ರ ತೆಗೆದುಕೊಳ್ಳಬೇಕು. ಬಿಸಿಲಿನಲ್ಲಿ ಬೆವರು ಸುರಿಸಿ ನೀರು ಕುಡಿಯದೆ ದಿನವೂ ನುಂಗಿದರೆ ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ಹೊಟ್ಟೆಯ ಹುಣ್ಣು, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇದ್ದವರು, ಗರ್ಭಿಣಿಯರು ಕೇಳದೆ ಮುಟ್ಟಬಾರದು. ಎರಡು ಬೇರೆ ಹೆಸರಿನ ಮಾತ್ರೆಯಲ್ಲಿ ಒಂದೇ ಔಷಧ ಇರಬಹುದು, ಪಟ್ಟಿಯ ಹಿಂದೆ ಓದಿಸಿ. ‘ಒಂದು ಸೂಜಿಗೆ ಎದ್ದು ಕೂತರು’ ಎನ್ನುವ ಚುಚ್ಚುಮದ್ದಿನಲ್ಲಿ ಸ್ಟೀರಾಯ್ಡ್ ಇದ್ದರೆ ಸಕ್ಕರೆ ಏರುತ್ತದೆ. ಪದೇ ಪದೇ ಹಾಕಿಸಿಕೊಂಡರೆ ಮೂಳೆ ಟೊಳ್ಳಾಗುತ್ತದೆ, ಒಳಗಿನ ಸೋಂಕು ಮರೆಯಾಗಿ ಬೆಳೆಯುತ್ತದೆ. ಎಣ್ಣೆ ಹಚ್ಚಿ ಹಗುರವಾಗಿ ತಿಕ್ಕಿ ಬಿಸಿ ಕೊಡುವುದರಿಂದ ಕೆಡುಕಿಲ್ಲ. ಬೆನ್ನಿನ ಮೇಲೆ ಹತ್ತಿ ತುಳಿಸುವುದು, ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳುವುದು ವಯಸ್ಸಾದವರಲ್ಲಿ ಮೂಳೆ ಮುರಿಯುವ ದಾರಿ. ಸೊಂಟಕ್ಕೆ ಕಟ್ಟುವ ಬೆಲ್ಟನ್ನು ದೀರ್ಘಕಾಲದ ನೋವಿಗೆ ವಾಡಿಕೆಯಂತೆ ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನ ಮಾರ್ಗಸೂಚಿಯಲ್ಲೇ ಹೇಳಿದೆ. ಸ್ಕ್ಯಾನಿನಲ್ಲಿ ‘ಡಿಸ್ಕ್ ಉಬ್ಬಿದೆ’ ಎಂದು ಬಂದ ಕೂಡಲೇ ಶಸ್ತ್ರಚಿಕಿತ್ಸೆಯ ಸಾಲಕ್ಕೆ ಓಡಬೇಡಿ. ನೋವೇ ಇಲ್ಲದ 20ರ ಹರೆಯದವರಲ್ಲೂ ಶೇ 30ರಷ್ಟು ಮಂದಿಗೆ ಅಂಥ ಉಬ್ಬು ಕಾಣುತ್ತದೆ.

ಆದರೆ ಕೆಲವು ಲಕ್ಷಣ ಕಂಡರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು: ತೊಡೆಸಂದಿಯಲ್ಲಿ, ಕೂರುವ ಜಾಗದಲ್ಲಿ ಜೋಮು, ಮೂತ್ರ ಕಟ್ಟುವುದು ಅಥವಾ ಅರಿವಿಲ್ಲದೆ ಹೋಗುವುದು, ಪಾದ ಎತ್ತಲಾಗದೆ ಚಪ್ಪಲಿ ಜಾರುವುದು, ಎರಡೂ ಕಾಲು ಸೋಲುವುದು. ಅಡಿಕೆ, ತೆಂಗಿನ ಮರದಿಂದ ಬಿದ್ದವರನ್ನು ಕಂಕುಳಿಗೆ ಕೈ ಹಾಕಿ ಎತ್ತಿ ಕೂರಿಸಬೇಡಿ, ನೀರು ಕುಡಿಸಲೂ ತಲೆ ಎತ್ತಬೇಡಿ. ಅಲುಗಾಡಿಸದೆ 108ಕ್ಕೆ ಕರೆ ಮಾಡಿ. ಸಾಗಿಸಲೇಬೇಕಾದರೆ ನಾಲ್ಕು ಜನ ಸೇರಿ ತಲೆ, ಮೈ, ಕಾಲು ಒಂದೇ ಗೆರೆಯಲ್ಲಿ ದಿಮ್ಮಿಯಂತೆ ಉರುಳಿಸಿ ಬಾಗಿಲ ಹಲಗೆಯ ಮೇಲೆ ತೆಗೆದುಕೊಳ್ಳಿ.

ನೋವಿನ ಜೊತೆ ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇದ್ದರೆ ಬೆನ್ನೆಲುಬಿನ ಕ್ಷಯ ಇರಬಹುದು. ಹಸು, ಎಮ್ಮೆ, ಕುರಿ ಸಾಕಿದವರಲ್ಲಿ ಬ್ರೂಸೆಲ್ಲಾ ಸೋಂಕೂ ಇರಬಹುದು. ಕಂದು ಹಾಕಿದ, ಅಂದರೆ ಗರ್ಭಪಾತವಾದ ಹಸುವಿನ ಮಾಸನ್ನು ಬರಿಗೈಯಲ್ಲಿ ತೆಗೆದವರಿಗೆ, ಕಾಯಿಸದ ಹಾಲು ಕುಡಿದವರಿಗೆ ಇದು ಬರುತ್ತದೆ, ಸೊಂಟದ ಕೀಲುಗಳಲ್ಲಿ ಕೂರುತ್ತದೆ. ತಿಂಗಳುಗಟ್ಟಲೆ ‘ಕೆಲಸದ ನೋವು’ ಎಂದು ಮುಲಾಮು ಹಚ್ಚುತ್ತ ಕೂತರೆ ಗುಣವಾಗದು. ರಕ್ತ ಪರೀಕ್ಷೆ ಮಾಡಿಸಿ ಆರು ವಾರಕ್ಕೂ ಕಡಿಮೆಯಿಲ್ಲದೆ ಔಷಧ ತೆಗೆದುಕೊಳ್ಳಬೇಕು. ವೈದ್ಯರಿಗೆ ‘ಮನೆಯಲ್ಲಿ ಹಸು ಕಂದು ಹಾಕಿತ್ತು’ ಎಂದು ನೀವಾಗಿಯೇ ಹೇಳಿ, ಅವರು ಕೇಳಲು ಮರೆಯಬಹುದು. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಇದರ ಲಸಿಕೆ ಹಾಕಿಸಿ.

ಸರ್ಕಾರದಿಂದ ಆಗಬೇಕಾದದ್ದು ಮೂರು. ಕೃಷಿ ಇಲಾಖೆಯ ಸಹಾಯಧನದಲ್ಲಿ ರೋಟವೇಟರಿಗೆ ಸಿಗುವ ಗಮನ, ಎತ್ತರಕ್ಕೆ ತಕ್ಕಂತೆ ಮೂರು ಅಳತೆಯಲ್ಲಿ ತಯಾರಾದ ಉದ್ದ ಕಾವಿನ ಕಳೆಗುದ್ದಲಿಗೆ, ಎಡೆಕುಂಟೆಗೆ, ಚೀಲ ಸಾಗಿಸುವ ಎರಡು ಚಕ್ರದ ಗಾಡಿಗೂ ಸಿಗಬೇಕು. ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಇವು ದಿನದ ಬಾಡಿಗೆಗೆ ದೊರೆಯಲಿ, ಕೂಲಿಗೆ ಹೋಗುವ ಹೆಣ್ಣುಮಕ್ಕಳು ಕೊಳ್ಳಲಾರರು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬ ಫಿಸಿಯೊಥೆರಪಿಸ್ಟ್ ಇದ್ದು, ವಾರಕ್ಕೊಂದು ದಿನ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರಲಿ. ಭತ್ತದ ಮುಂದಿನ ಕೊಯ್ಲಿಗೆ ಮೊದಲು ಎಪಿಎಂಸಿ, ಗಿರಣಿಯವರು, ಹಮಾಲರ ಸಂಘ ಒಂದೆಡೆ ಕೂತು 75 ಕೆ.ಜಿ. ಚೀಲದ ಪದ್ಧತಿ ಕೈಬಿಡುವ ದಿನಾಂಕ ಗೊತ್ತು ಮಾಡಲಿ.

ಇಂತಿ,
ಒಬ್ಬ ಫಿಸಿಯೊಥೆರಪಿಸ್ಟ್ ಮತ್ತು ಒಬ್ಬ ಕೃಷಿ ಎಂಜಿನಿಯರ್,
ಮಂಡ್ಯ ಜಿಲ್ಲೆ